ಕಾಲಿಗೆ ಬಲ, ಹೋಗೋಕೊಂದು ಜಾಗ

ನಮ್ಮ ಅಪ್ಪ-ಅಮ್ಮ ಇಬ್ಬರೂ ಪೀಣ್ಯದಲ್ಲಿ ದುಡಿದು ರಿಟೈರ್ ಆದವರು. ಅಪ್ಪ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಆಪರೇಟರ್. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕುಣಿಗಲ್ ಕಡೆಯಿಂದ ಬಂದು, ಲಗ್ಗೆರೆಯಲ್ಲಿ ಬಾಡಿಗೆಗಿದ್ದು, ಆಮೇಲೆ ಚೀಟಿ ಹಾಕಿ, ಸಾಲ ಮಾಡಿ, 20-30 ಸೈಟಿನಲ್ಲಿ ಮನೆ ಕಟ್ಟಿದವರು. ಕೆಳಗೆ ಬಾಡಿಗೆಯವರು, ಮೇಲೆ ನಾವು. ನಮ್ಮ ಬೀದಿಯ ಬಹಳಷ್ಟು ಮನೆಗಳ ಕಥೆ ಇದೇ.

ರಿಟೈರ್ ಆದಾಗ ಇಬ್ಬರ ಬಾಯಲ್ಲೂ ಒಂದೇ ಮಾತು: "ಸಾಕಪ್ಪ ಓಡಾಡಿದ್ದು, ಇನ್ನು ಆರಾಮಾಗಿ ಕೂತ್ಕೋಬೇಕು." ಕೂತ್ಕೊಂಡರು. ಆ ಕೂರುವಿಕೆ ಅವರಿಗೆ ಏನು ಮಾಡಿತು, ಅದರಿಂದ ಎದ್ದು ಬಂದಿದ್ದು ಹೇಗೆ ಅನ್ನೋದನ್ನ ಬರೆಯೋಣ ಅನ್ನಿಸಿತು. ಮೂವತ್ತರ ಆಚೆ ಈಚೆ ಇದ್ದು, ಮೆಟ್ರೋದಲ್ಲೋ ಆಫೀಸ್ ಕ್ಯಾಬ್‌ನಲ್ಲೋ ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬರು ಹೀಗೇ ಕೂತಿರಬಹುದು, ಅಲ್ವಾ?

ಎಂಟೇ ಸಲ

ಮೊದಲು ಅಪ್ಪನ ವಿಷಯ. ಮೂವತ್ತು ವರ್ಷಕ್ಕೂ ಮೇಲೆ ಲೇಥ್ ಮುಂದೆ ನಿಂತೇ ಕೆಲಸ ಮಾಡಿದ ಮನುಷ್ಯ. ಶಿಫ್ಟ್ ಮುಗಿಸಿ ಲಗ್ಗೆರೆವರೆಗೆ ನಡೆದೇ ಬಂದ ದಿನಗಳು ಎಷ್ಟೋ. ಅಂಥವರು ರಿಟೈರ್ ಆದ ವರ್ಷದೊಳಗೆ ಸೋಫಾದಿಂದ ಏಳುವಾಗ ಎರಡೂ ಕೈ ಊರೋಕೆ ಶುರು ಮಾಡಿದರು. ಮೆಟ್ಟಿಲು ಇಳಿಯೋದು ಬೇಜಾರು ಅಂತ ಹಾಲು ತರೋಕೂ ಹೋಗುತ್ತಿರಲಿಲ್ಲ. ಬೆಳಗ್ಗೆ ನ್ಯೂಸ್ ಚಾನೆಲ್, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ನ್ಯೂಸ್ ಚಾನೆಲ್. ಮಾತೂ ಕಡಿಮೆಯಾಯಿತು. ಕೇಳಿದರೆ, "ವಯಸ್ಸಾಯ್ತಲ್ಲಮ್ಮ" ಅಂತ ಒಂದೇ ಉತ್ತರ. ಆಗ ಅವರಿಗೆ 61.

ಮಂಡಿ ನೋವಿಗೆ ಅಂತ ಕರ್ಕೊಂಡು ಹೋದಾಗ ಫಿಸಿಯೋಥೆರಪಿಸ್ಟ್ ಒಬ್ಬರು ಕುರ್ಚಿ ಎಳೆದು ಕೂರಿಸಿ, "ಅಂಕಲ್, ಎರಡೂ ಕೈ ಎದೆ ಮೇಲೆ ಅಡ್ಡ ಇಟ್ಕೊಳ್ಳಿ. ಕೈ ಊರದೆ ಪೂರ್ತಿ ಎದ್ದು ನಿಲ್ಲಿ, ಮತ್ತೆ ಕೂರಿ. 30 ಸೆಕೆಂಡ್‌ನಲ್ಲಿ ಎಷ್ಟು ಸಲ ಆಗುತ್ತೋ ನೋಡೋಣ" ಅಂದರು. ಅಪ್ಪನಿಗೆ ಆಗಿದ್ದು 8 ಸಲ.

ಇದು ವೃದ್ಧರ ಕಾಲಿನ ಶಕ್ತಿ ಅಳೆಯೋಕೆ ಜಗತ್ತಿನ ಎಷ್ಟೋ ಕಡೆ ಬಳಸುವ ಸರಳ ಪರೀಕ್ಷೆ. ಅಮೆರಿಕದ ಸಿಡಿಸಿ ಸಂಸ್ಥೆಯ ಕೋಷ್ಟಕದ ಪ್ರಕಾರ 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ ಕಡಿಮೆ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ, ಬೀಳುವ ಅಪಾಯ ಜಾಸ್ತಿ ಅಂತ ಅರ್ಥ. ಅಪ್ಪನ ಮಂಡಿಗಿಂತ ಮೊದಲು ಸೋತಿದ್ದು ತೊಡೆಯ ಸ್ನಾಯು.

ಮೂವತ್ತು ದಾಟಿದ ಮೇಲೆ ನಮ್ಮೆಲ್ಲರ ಸ್ನಾಯುವೂ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಕರಗುತ್ತದೆ. ಅರವತ್ತರ ನಂತರ ಆ ವೇಗ ಇನ್ನೂ ಹೆಚ್ಚು. ಆದರೆ ಈ ನಷ್ಟವನ್ನು ಎಷ್ಟೋ ಮಟ್ಟಿಗೆ ತಡೆಯಬಹುದು, ಎಪ್ಪತ್ತು ಎಂಬತ್ತರಲ್ಲೂ ವ್ಯಾಯಾಮದಿಂದ ಬಲ ಹೆಚ್ಚಿಸಿಕೊಳ್ಳಬಹುದು. "ವಾಕಿಂಗ್ ಹೋಗ್ತೀನಲ್ಲ" ಅನ್ನೋದಷ್ಟೇ ಸಾಲದು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯೋದರ ಜೊತೆಗೆ, ವಾರದಲ್ಲಿ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಅಪ್ಪನಿಗೆ ಹೇಳಿಕೊಟ್ಟಿದ್ದು ನಾಲ್ಕೇ ಕೆಲಸ. ಜಿಮ್ ಬೇಡ, ದುಡ್ಡು ಬೇಡ:

• ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈ ಊರದೆ ಎದ್ದು ಕೂರುವುದು. ಹತ್ತು ಸಲ, ದಿನಕ್ಕೆ ಎರಡು ಹೊತ್ತು.

• ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು.

• ಅದೇ ಕಟ್ಟೆ ಹಿಡಿದು ಒಂದೊಂದೇ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುವುದು.

• ಗೋಡೆ ಪಕ್ಕ, ಟೈಲ್ಸ್ ಗೆರೆ ಮೇಲೆ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ತಾಗಿಸಿ ನಡೆಯುವುದು.

ಹೃದಯದ ತೊಂದರೆ, ತಲೆಸುತ್ತು, ಜೋರು ಮಂಡಿ ನೋವು ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು.

ಆರು ತಿಂಗಳಿಗೆ ಅಪ್ಪ 8ರಿಂದ 14ಕ್ಕೆ ಬಂದರು. ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಇದನ್ನೂ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು. ಕಾರ್ಖಾನೆಯ ಮನುಷ್ಯ, ಅಳತೆ ಸಿಕ್ಕರೆ ಬಿಡೋದಿಲ್ಲ.

"ಆ ಹುಡುಗ್ರಿಗೆ ವರ್ನಿಯರ್ ಓದೋಕೆ ಬರಲ್ಲ"

ಕಾಲಿಗೆ ಬಲ ಬಂತು. ಆದರೆ ಹೋಗೋದೆಲ್ಲಿಗೆ? ಇದು ನನಗೆ ಹೊಳೆದಿರದ ಪ್ರಶ್ನೆ. ಬೆಳಗ್ಗೆ ನಂದಿನಿ ಲೇಔಟ್ ಕಡೆ ಒಂದು ಸುತ್ತು ಹೋಗಿ ಬಂದರೆ ಏಳೂವರೆ. ಆಮೇಲೆ ಇಡೀ ದಿನ ಬಾಕಿ. ಸೈರನ್ ಲೆಕ್ಕದಲ್ಲಿ ಬದುಕಿದವರಿಗೆ ಖಾಲಿ ದಿನ ಅನ್ನೋದು ರಜೆಯಲ್ಲ, ಒಂಥರಾ ಶಿಕ್ಷೆ.

ದಾರಿ ತೋರಿಸಿದ್ದು ಅವರ ಹಳೆಯ ಸಹೋದ್ಯೋಗಿ. ಪೀಣ್ಯದಲ್ಲೇ ಒಂದು ಶೆಡ್‌ನಲ್ಲಿ ಎರಡು ಮೆಷಿನ್ ಹಾಕಿಕೊಂಡಿದ್ದಾರೆ. ಐಟಿಐ ಮುಗಿಸಿ ಬಂದ ಹುಡುಗರಿಗೆ ಅಳತೆ ಹಿಡಿಯೋದು ಸರಿಯಾಗಿ ಬರುತ್ತಿಲ್ಲ, ಜಾಬ್ ರಿಜೆಕ್ಟ್ ಆಗುತ್ತಿದೆ ಅಂತ ಗೋಳು. "ಬಂದು ಒಂದೆರಡು ಗಂಟೆ ಹೇಳ್ಕೊಡೋ ಮಾರಾಯ" ಅಂದರು. ಅಪ್ಪ ಮೊದಲ ದಿನ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದರು. ವಾಪಸ್ ಬಂದು ಊಟಕ್ಕೆ ಕೂತಾಗ, "ಆ ಹುಡುಗ್ರಿಗೆ ವರ್ನಿಯರ್ ಓದೋಕೆ ಬರಲ್ಲ ಕಣೇ. ಮೈಕ್ರೋಮೀಟರ್‌ನ ಸ್ಕ್ರೂ ತಿರುಗಿಸಿದ ಹಾಗೆ ತಿರುಗಿಸ್ತಾರೆ" ಅಂತ ಅಮ್ಮನ ಹತ್ತಿರ ಅರ್ಧ ಗಂಟೆ ಬೈದರು. ವರ್ಷದಿಂದ ಅಪ್ಪ ಅಷ್ಟು ಮಾತಾಡಿದ್ದೇ ಇರಲಿಲ್ಲ.

ಈಗ ವಾರಕ್ಕೆ ನಾಲ್ಕು ದಿನ, ಹತ್ತರಿಂದ ಹನ್ನೆರಡು. ಕೊಡೋ ದುಡ್ಡು ಟೀ ಖರ್ಚಿಗೆ, ಅಷ್ಟೇ. ಆದರೆ ಆ ಎರಡು ಗಂಟೆಗಾಗಿ ಅವರು ಶೇವ್ ಮಾಡಿಕೊಳ್ಳುತ್ತಾರೆ, ಕನ್ನಡಕ ಒರೆಸುತ್ತಾರೆ, ಹೋಗಿ ಬರೋಕೆ ಮೂರು ಕಿಲೋಮೀಟರ್ ನಡೆಯುತ್ತಾರೆ. ಬಿಪಿ ಮಾತ್ರೆ ಮರೆಯೋದಿಲ್ಲ, ಯಾಕಂದರೆ ಮೆಷಿನ್ ಹತ್ತಿರ ತಲೆಸುತ್ತಿದರೆ ಕಷ್ಟ ಅನ್ನೋದು ಅವರಿಗೆ ಗೊತ್ತು.

ಅಮ್ಮನ ಸೊನ್ನೆ ಟಿಕೆಟ್

ಅಮ್ಮನದು ಬೇರೆ ಕಥೆ. ಗಾರ್ಮೆಂಟ್ಸ್‌ನಲ್ಲಿ ಇಡೀ ಆಯಸ್ಸು ಕಾಲರ್ ಕೂರಿಸಿದ್ದಕ್ಕೆ ಸಿಗುವ ಪಿಎಫ್ ಪಿಂಚಣಿ ಎಷ್ಟು ಅಂತ ನಿಮಗೆ ಗೊತ್ತಿರಬಹುದು. ಈ ಯೋಜನೆಯ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಅಂತ ನಿಗದಿ ಮಾಡಿದ್ದು 2014ರಲ್ಲಿ. ಅಮ್ಮನಿಗೆ ಬರೋದು ಸಾವಿರದ ಮೇಲೆ ಚಿಲ್ಲರೆ. ಅದರಲ್ಲಿ ಬಸ್ ಚಾರ್ಜ್ ಕಳೆದು ಎಲ್ಲಿಗಾದರೂ ಹೋಗೋಣ ಅಂದರೆ ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. "ಸುಮ್ನೆ ಯಾಕೆ ದುಡ್ಡು ದಂಡ?" ಅನ್ನೋಳು. ಮಕ್ಕಳ ಹತ್ತಿರ ಕೇಳೋ ಜಾಯಮಾನವಂತೂ ಅಲ್ಲವೇ ಅಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಟಿಕೆಟ್ ಉಚಿತ. ಇದರ ಲಾಭ-ನಷ್ಟದ ಬಗ್ಗೆ ಟಿವಿಯಲ್ಲಿ ಬೇಕಾದಷ್ಟು ಚರ್ಚೆಯಾಗಿದೆ, ನಾನು ಆ ಕಡೆ ಹೋಗಲ್ಲ. ನಮ್ಮ ಮನೆಯೊಳಗೆ ಏನಾಯಿತು ಅನ್ನೋದಷ್ಟೇ ಹೇಳುತ್ತೇನೆ.

ಅಮ್ಮ, ಎದುರು ಮನೆ ಆಂಟಿ, ಮೂಲೆ ಅಂಗಡಿಯ ಅಜ್ಜಿ, ಅವಳ ಗಾರ್ಮೆಂಟ್ಸ್ ಗೆಳತಿಯರಿಬ್ಬರು ಸೇರಿ ಐದು ಜನರ ಗ್ಯಾಂಗ್ ಆಯಿತು. ಮಂಗಳವಾರ ಇವರ ದಿನ. ಆಫೀಸ್ ರಶ್ ಮುಗಿದ ಮೇಲೆ, ಹತ್ತೂವರೆ ಹೊತ್ತಿಗೆ ಹೊರಡುವುದು. ಸಂಜೆ ಜನ ತುಂಬೋ ಮೊದಲೇ ವಾಪಸ್. ಆಧಾರ್ ಕಾರ್ಡ್, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಬ್ಯಾಗಿನಲ್ಲಿ ಖಾಯಂ. ಬನಶಂಕರಿ ದೇವಸ್ಥಾನ, ಗವಿಪುರದ ಗಂಗಾಧರೇಶ್ವರ, ಮಲ್ಲೇಶ್ವರದ ಕಾಡು ಮಲ್ಲೇಶ್ವರ, ಲಾಲ್‌ಬಾಗ್, ಕಾರ್ತಿಕದಲ್ಲಿ ಬಸವನಗುಡಿ ಕಡಲೆಕಾಯಿ ಪರಿಷೆ. ಮೂವತ್ತು ವರ್ಷ ಬೆಂಗಳೂರಲ್ಲಿದ್ದೂ ಅಮ್ಮ ಕಡಲೆಕಾಯಿ ಪರಿಷೆ ನೋಡಿರಲಿಲ್ಲ. ಸೋಮವಾರ ಫ್ಯಾಕ್ಟರಿ ಇರುತ್ತಿತ್ತಲ್ಲ!

ತಿಂಗಳಿಗೊಮ್ಮೆ ಗೊರಗುಂಟೆಪಾಳ್ಯದಲ್ಲಿ ನಿಂತು ಕುಣಿಗಲ್ ಬಸ್ ಹತ್ತಿ ದೊಡ್ಡಮ್ಮನನ್ನು ನೋಡೋಕೆ ಹೋಗುತ್ತಾಳೆ. ಮುಂಚೆ ಅಕ್ಕ-ತಂಗಿ ಸೇರುತ್ತಿದ್ದಿದ್ದು ಮದುವೆಗೋ ತಿಥಿಗೋ. ಈಗ ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, ಅರವತ್ತು ವರ್ಷದ ಹಿಂದಿನ ಯಾವುದೋ ಜಗಳ ತೆಗೆದು ನಗುತ್ತಾರೆ. ಅಪ್ಪನಿಗೆ ಮಾತ್ರ ಹೊಟ್ಟೆಕಿಚ್ಚು. ಕೆಎಸ್ಸಾರ್ಟಿಸಿಯಲ್ಲಿ 60 ದಾಟಿದ ಗಂಡಸರಿಗೆ ಸಿಗೋದು ಶೇ 25 ರಿಯಾಯಿತಿ. "ನಾನು ಮುಕ್ಕಾಲು ಪಾಲು ಕೊಟ್ಟು ನಿನ್ನ ಬ್ಯಾಗ್ ಹೊರಬೇಕಾ?" ಅಂತ ಕಾಲೆಳೆಯುತ್ತಲೇ ಹೋಗುತ್ತಾರೆ.

ಸ್ಟಾಪ್‌ಗೆ ನಡೆಯೋದು, ಬಸ್ ಮೆಟ್ಟಿಲು ಹತ್ತಿ ಇಳಿಯೋದು, ದೇವಸ್ಥಾನದ ಸುತ್ತು. ಸ್ಮಾರ್ಟ್‌ವಾಚ್ ಕಟ್ಟಿ ಲೆಕ್ಕ ಹಾಕಿದರೆ ಮಂಗಳವಾರದ ಹೆಜ್ಜೆಗಳು ನನ್ನ ಇಡೀ ವಾರದ ಹೆಜ್ಜೆಗಳಿಗೆ ಸಮ. ಅವಳಿಗೆ ಅದು ವ್ಯಾಯಾಮ ಅಂತ ಗೊತ್ತೇ ಇಲ್ಲ.

ಬಚ್ಚಲಲ್ಲಿ ಬಿದ್ದಾಗ

ಕಳೆದ ವರ್ಷದ ಮಳೆಗಾಲದಲ್ಲಿ ಅಮ್ಮ ಮನೆಯ ಬಚ್ಚಲಲ್ಲೇ ಜಾರಿ ಬಿದ್ದಳು. ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿದ ಮೇಲೂ ಅಮ್ಮ ಹೊರಗೆ ಹೋಗಲಿಲ್ಲ. ಬಾಗಿಲಿಗೆ ಬಂದ ಗೆಳತಿಯರಿಗೆ "ಮುಂದಿನ ವಾರ ನೋಡೋಣ" ಅಂತ ಹೇಳಿ ಕಳಿಸಿಬಿಡೋಳು. ಮನೆಯೊಳಗೂ ಗೋಡೆ ಹಿಡಿದೇ ನಡೆಯೋಳು. ಮುರಿದಿದ್ದು ಕೈ, ಸೋತಿದ್ದು ಕಾಲು. ಡಾಕ್ಟರ್ ಹೇಳಿದರು: ಬಿದ್ದವರಿಗೆ ಮತ್ತೆ ಬೀಳುವ ಭಯ ಹುಟ್ಟುತ್ತದೆ, ಭಯಕ್ಕೆ ಓಡಾಟ ನಿಲ್ಲುತ್ತದೆ, ಓಡಾಟ ನಿಂತರೆ ಸ್ನಾಯು ಕರಗುತ್ತದೆ, ಆಗ ನಿಜವಾಗಿಯೂ ಮತ್ತೆ ಬೀಳುತ್ತಾರೆ.

ಪುಣೆಯಲ್ಲಿರುವ ಅಣ್ಣನಿಗೆ ಹೆದರಿಕೆ. ವಿಡಿಯೋ ಕಾಲ್‌ನಲ್ಲಿ ಖಡಾಖಂಡಿತವಾಗಿ, "ಇನ್ನು ಬಸ್ಸು-ಗಿಸ್ಸು ಎಲ್ಲ ಬೇಡಮ್ಮ. ಮನೇಲಿರು. ಏನು ಬೇಕೋ ನಾನು ಆರ್ಡರ್ ಮಾಡ್ತೀನಿ" ಅಂದ. ಪ್ರೀತಿಯಿಂದಲೇ ಅಂದಿದ್ದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾನು ಬಸ್ಸಲ್ಲಿ ಬಿದ್ದಿಲ್ಲ ಕಣೋ. ಬಚ್ಚಲಲ್ಲಿ ಬಿದ್ದಿದ್ದು. ಹಂಗಂತ ಬಚ್ಚಲಿಗೆ ಹೋಗೋದು ಬಿಡಲಾ?" ಅಂದಳು.

ಅಣ್ಣನಿಗೆ ನಗು ಬಂತು. ಅಮ್ಮನಿಗೆ ಬರಲಿಲ್ಲ. ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ಫ್ಯಾಕ್ಟರಿಗೆ, ಮನೆಗೆ, ನಿಮಗೆ ಓಡಾಡಿದೆ. ನನಗೆ ಅಂತ ಓಡಾಡಿದ್ದು ಎರಡು ವರ್ಷ ಆಗಿಲ್ಲ" ಅಂದಳು. ಮನೆಯಲ್ಲಿ ಆಮೇಲೆ ಬಸ್ ನಿಲ್ಲಿಸುವ ಮಾತು ಬರಲಿಲ್ಲ. ಬಚ್ಚಲು ಸರಿಮಾಡುವ ಮಾತು ಬಂತು.

ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದೆವು. ಜಾರದ ಮ್ಯಾಟ್ ಬಂತು. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಉರಿಯುವ ಸಣ್ಣ ಲೈಟ್. ನಮ್ಮಂಥ ಸಣ್ಣ ಸೈಟಿನ ಮನೆಗಳಲ್ಲಿ ಹೊರಗಿನ ಮೆಟ್ಟಿಲು ಕಡಿದು; ಅದರ ಎರಡೂ ಕಡೆ ಕಂಬಿ ಹಾಕಿಸಿದೆವು. ಸವೆದ ಹವಾಯಿ ಚಪ್ಪಲಿ ಕಸಕ್ಕೆ ಹೋಯಿತು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಬಂತು. ಕಣ್ಣು ಪರೀಕ್ಷೆ ಮಾಡಿಸಿದಾಗ ಪೊರೆ ಬರುತ್ತಿರೋದು ಗೊತ್ತಾಯಿತು. ಋತುಬಂಧದ ನಂತರ ಹೆಂಗಸರ ಮೂಳೆ ಬೇಗ ಟೊಳ್ಳಾಗುವುದರಿಂದ, ಸಣ್ಣ ಬೀಳಿಗೇ ಮೂಳೆ ಮುರಿದರೆ ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಲೇಬೇಕು ಅಂತ ಡಾಕ್ಟರ್ ಹೇಳಿದರು, ಅದನ್ನೂ ಮಾಡಿಸಿದೆವು. ಅಪ್ಪನ ನಾಲ್ಕು ವ್ಯಾಯಾಮ ಈಗ ಅಮ್ಮನದೂ ಆಯಿತು. ಮೇಷ್ಟ್ರು ಅಪ್ಪನೇ. ಮೂರು ತಿಂಗಳ ನಂತರದ ಮೊದಲ ಮಂಗಳವಾರ ಗ್ಯಾಂಗ್ ಲೀಡರ್ ಮತ್ತೆ ಹೊರಟಳು. ಅಣ್ಣನ ಫೋನ್ ಅವತ್ತು ನಾಲ್ಕು ಸಲ ಬಂತು. ಅವಳು ತೆಗೆದಿದ್ದು ಒಂದು ಸಲ: "ಬಸ್ಸಲ್ಲಿದೀನಿ, ಗಲಾಟೆ, ಆಮೇಲೆ ಮಾಡು."

ತಟ್ಟೆಯಲ್ಲಿ ಏನಿದೆ?

ಊಟದ ಬಗ್ಗೆ ಜಾಸ್ತಿ ಹೇಳೋದಿಲ್ಲ, ಒಂದೇ ಮಾತು. ವಯಸ್ಸಾದವರ ತಟ್ಟೆಯಲ್ಲಿ ಮೊದಲು ಕಡಿಮೆಯಾಗೋದು ಪ್ರೋಟೀನ್. ಹಲ್ಲಿಲ್ಲ, ಹಸಿವಿಲ್ಲ ಅಂತ ಅನ್ನ-ತಿಳಿಸಾರಿಗೆ, ರಾತ್ರಿ ಬನ್ನು-ಕಾಫಿಗೆ ಇಳಿದುಬಿಡುತ್ತಾರೆ. ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಐಸಿಎಂಆರ್ ಹೇಳುತ್ತದೆ. ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಇದಕ್ಕೆ ಡಬ್ಬಿ ಪೌಡರೇ ಬೇಕಂತಿಲ್ಲ. ನಮ್ಮ ಕಡೆಯ ಹುರುಳಿಕಾಳಿನಲ್ಲಿ ನೂರು ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ರಾಗಿಯಲ್ಲಿ ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಮುದ್ದೆ, ಹುರುಳಿ ಬಸ್ಸಾರು, ಪಲ್ಯ, ಜೊತೆಗೆ ಮೊಟ್ಟೆಯೋ ಮೊಸರೋ ಇದ್ದರೆ ಆ ತಟ್ಟೆ ಚೆನ್ನಾಗಿದೆ ಅಂತಲೇ ಲೆಕ್ಕ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರ್ ಹೇಳಿದಂತೆ ತಿನ್ನಬೇಕು.

ಬೇಕಾದವರಾಗಿ ಇರೋದು

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ, ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ರಸ್ತೆ ಬದಿ ಆಲದ ಸಸಿ ಬೆಳೆಸಿದವರು. ಇಳಿವಯಸ್ಸಲ್ಲೂ ಗಿಡ ನೆಡುವ ಕಾರ್ಯಕ್ರಮಗಳಿಗೆ ಹೋಗುತ್ತಲೇ ಇದ್ದರು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಗಳ ಸಂಶಯ ಬಿಡಿಸುತ್ತಾ ಕೂತಿದ್ದು ಎಪ್ಪತ್ತು ದಾಟಿದ ಮೇಲೆ. 2011ರಲ್ಲಿ ಬೆಂಗಳೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 97; ತೀರಿಕೊಂಡಿದ್ದು 107ರಲ್ಲಿ. ನೂರು ವರ್ಷ ಬದುಕೋದು ನಮ್ಮ ಕೈಯಲ್ಲಿಲ್ಲ. ಆದರೆ ಇಬ್ಬರಿಗೂ ಬೆಳಗ್ಗೆ ಎದ್ದರೆ ಯಾರೋ, ಏನೋ ಕಾಯುತ್ತಿತ್ತು: ಒಬ್ಬರಿಗೆ ಗಿಡ, ಇನ್ನೊಬ್ಬರಿಗೆ ಪದ.

ಜಪಾನಿನಲ್ಲಿ 1928ರಿಂದ ಬೆಳಗ್ಗೆ ರೇಡಿಯೊದಲ್ಲಿ ವ್ಯಾಯಾಮದ ಸಂಗೀತ ಬರುತ್ತದೆ. ಪಾರ್ಕುಗಳಲ್ಲಿ ವೃದ್ಧರು ಒಟ್ಟಿಗೆ ನಿಂತು ಕೈಕಾಲು ಆಡಿಸುತ್ತಾರೆ. ಮನೆಯಲ್ಲೇ ಮಾಡಬಹುದಾದ್ದನ್ನು ಹೋಗಿ ಮಾಡುತ್ತಾರೆ, ಯಾಕಂದರೆ ಅಲ್ಲಿ ಗುರುತಿನವರು ಇರುತ್ತಾರೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಮರೆವಿನ ಕಾಯಿಲೆಗೆ ದಾರಿ ಮಾಡಿಕೊಡುವ, ಆದರೆ ನಾವು ಬದಲಿಸಬಹುದಾದ 14 ಅಂಶಗಳ ಪಟ್ಟಿ ಕೊಟ್ಟಿತು. ಬಿಪಿ, ಸಕ್ಕರೆ ಕಾಯಿಲೆ, ಕೂತೇ ಇರೋದರ ಜೊತೆಗೆ ಆ ಪಟ್ಟಿಯಲ್ಲಿ ಕಿವಿ ಮಂದವಾಗುವುದು ಮತ್ತು ಒಂಟಿತನವೂ ಇವೆ. ಟಿವಿ ವಾಲ್ಯೂಮ್ ದಿನೇ ದಿನೇ ಜೋರಾಗುತ್ತಿದ್ದರೆ ರೇಗಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮಾತು ಕೇಳಿಸದವರು ನಿಧಾನವಾಗಿ ಜನರಿಂದ ದೂರ ಸರಿಯುತ್ತಾರೆ.

ಎಲ್ಲರ ಅಪ್ಪನಿಗೂ ಲೇಥ್ ಗೊತ್ತಿರಲ್ಲ, ಎಲ್ಲರ ಅಮ್ಮನಿಗೂ ಐದು ಜನರ ಗ್ಯಾಂಗ್ ಇರಲ್ಲ. ಆದರೆ ಪ್ರತಿಯೊಬ್ಬರಿಗೂ ಏನಾದರೂ ಗೊತ್ತಿರುತ್ತದೆ. ಪಕ್ಕದ ಮನೆ ಮಗುವಿಗೆ ಮಗ್ಗಿ ಹೇಳಿಕೊಡೋದು, ಭಜನೆ ಮಂಡಳಿಗೆ ಹಾರ್ಮೋನಿಯಂ ನುಡಿಸೋದು, ಬೀದಿಯ ಗಿಡಕ್ಕೆ ನೀರು ಹಾಕೋದು. ಚಿಕ್ಕದಾದರೂ ಪರವಾಗಿಲ್ಲ, ಅದಕ್ಕಾಗಿ ಚಪ್ಪಲಿ ಹಾಕಿಕೊಂಡು ಮನೆಯಿಂದ ಆಚೆ ಹೋಗುವಂತಿರಬೇಕು. ಯಾರೂ ಹತ್ತಿರ ಇಲ್ಲದ ಹಿರಿಯರು ನಿಮಗೆ ಗೊತ್ತಿದ್ದರೆ, ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ.

ಇನ್ನೊಂದು ವಿಷಯ. ದಿನಾ ರಾತ್ರಿ ಮನೆಗೆ ಫೋನ್ ಮಾಡಿದಾಗ "ಊಟ ಆಯ್ತಾ? ಮಾತ್ರೆ ತಗೊಂಡ್ಯಾ?" ಅಂತ ಕೇಳುತ್ತೀವಲ್ಲ, ಅದನ್ನು ಕೇಳಿ, ತಪ್ಪೇನಿಲ್ಲ. ಅದರ ಜೊತೆಗೆ ಒಂದು ಪ್ರಶ್ನೆ ಸೇರಿಸಿ ನೋಡಿ: "ಇವತ್ತು ಎಲ್ಲಿಗೆ ಹೋಗಿದ್ದೆ?" ಮೊದಲೆರಡಕ್ಕೆ "ಹ್ಞೂಂ" ಅನ್ನೋ ಉತ್ತರ ಸಾಕು. ಮೂರನೆಯದಕ್ಕೆ ಅವರ ಹತ್ತಿರ ಹೇಳೋಕೆ ಏನೂ ಇಲ್ಲದಿದ್ದರೆ, ಈ ಶನಿವಾರ ನೀವೇ ಜೊತೆಗೆ ಹೊರಡಿ.